ಪೇಷಂಟ್ ಕಡೆಯವರು ಯಾರ್ರಿ?

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಮನೆಯವರು ನನಗೆ ಕಾಫಿ ಮಾಡಿಕೊಟ್ಟರು. ಅದನ್ನು ಕುಡಿಯುವಾಗಲೇ ನನಗೆ ಖಾತ್ರಿಯಾಯಿತು, ನಾನಿನ್ನು ಹೆಚ್ಚು ದಿನ ಬದುಕುವುದಿಲ್ಲ.

ನಗಬೇಡಿ. ಮದುವೆಯಾದಾಗಿನಿಂದ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಿಳಿಯದ ಮನುಷ್ಯ ಇದ್ದಕ್ಕಿದ್ದಂತೆ ಲೋಟ ಹಿಡಿದು ಬಂದು, 'ಬಿಸಿ ಐತೆ, ನಿಧಾನಕ್ಕೆ ಕುಡಿ' ಎಂದರೆ ನೀವಾದರೂ ಏನು ತಿಳಿದುಕೊಳ್ಳುತ್ತೀರಿ? (ಕಾಫಿ ಚೆನ್ನಾಗಿಯೇ ಇತ್ತು. ಅದು ಇನ್ನೂ ಹೆದರಿಸಿತು. ಅಂದರೆ ಮೊದಲೇ ಪ್ರಾಕ್ಟೀಸ್ ಮಾಡಿದ್ದಾರೆ!)

ವಿಷಯ ಇಷ್ಟು. ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ನೋವಿಲ್ಲ, ಏನಿಲ್ಲ. ನಮ್ಮೂರು ಹೊನ್ನಾಳಿಯ ಡಾಕ್ಟರು ಥೈರಾಯ್ಡ್ ಇರಬೇಕು ಎಂದು ದಾವಣಗೆರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಪರೀಕ್ಷೆಗೂ ತೆಗೆದುಕೊಂಡರು. ರಿಪೋರ್ಟ್ ಬಂದ ದಿನ ನಾನೂ ನಮ್ಮ ಮನೆಯವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ನರ್ಸ್ ಬಾಗಿಲು ತೆರೆದು ಕೂಗಿದರು.

'ಪೇಷಂಟ್ ಕಡೆಯವರು ಯಾರ್ರಿ?'

'ಪೇಷಂಟ್ ನಾನೇ' ಎಂದು ಎದ್ದೆ.

'ನೀವು ಕೂತ್ಕಳ್ರಿ ಅಮ್ಮ. ಕಡೆಯವರು ಬರ್ಲಿ.'

ಕಡೆಯವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಗಂಟು ನನ್ನ ಜೊತೆ ಹೊರಗೇ ಉಳಿಯಿತು.

ಹೊರಗೆ ಬಂದವರು 'ಏನಿಲ್ಲ ಬಾ, ಸಣ್ಣ ಗಂಟು ಅಂತೆ' ಎಂದರು. ಕೇಳದೆಯೇ ಬೆಣ್ಣೆದೋಸೆ ಕೊಡಿಸಿದರು. ಇನ್ನೊಂದು ತಿನ್ನು ಎಂದರು. ಏನೂ ಇಲ್ಲದವಳಿಗೆ ಯಾರಾದರೂ ಎರಡನೇ ದೋಸೆಗೆ ಅಷ್ಟು ಒತ್ತಾಯ ಮಾಡುತ್ತಾರೆಯೇ?

ಆಮೇಲೆ ಶುರುವಾಯಿತು ನೋಡಿ, ಪ್ರೀತಿಯ ಸುರಿಮಳೆ. ಚನ್ನಗಿರಿಯಿಂದ ಭಾವನವರು ಫೋನ್ ಮಾಡಿ, ಯಾವತ್ತೂ ಇಲ್ಲದ್ದು, ಪತ್ರಿಕೆಯ ನನ್ನ ಈ ಅಂಕಣ ಚೆನ್ನಾಗಿ ಬರುತ್ತಿದೆ ಎಂದರು. ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಅಲ್ಲಿ ಹೆಡ್‌ಮಾಸ್ತರು ಹತ್ತನೇ ತರಗತಿಯನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದರು.

'ನಿಮಗ್ಯಾಕೆ ತ್ರಾಸು ಮೇಡಂ? ಲೈಬ್ರರಿ ನೋಡ್ಕಂಡು ಆರಾಮಾಗಿರ್ರಿ.'

ನಮ್ಮ ಲೈಬ್ರರಿ ಎಂದರೆ ಬೀಗ ಹಾಕಿದ ಎರಡು ಬೀರು. ಏನು ನೋಡಿಕೊಳ್ಳಲಿ, ಬೀಗವನ್ನೇ? ನಿಮಗೆ ಯಾರು ಹೇಳಿದರು ಎಂದು ಕೇಳಿದರೆ ಗೋಡೆಯ ಕ್ಯಾಲೆಂಡರ್ ನೋಡಿದರು. ಸ್ಟಾಫ್‌ರೂಮಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಕೂತು ಯಾವ ಸೀರೆ ಯಾರಿಗೆ ಎಂದು ಮನಸ್ಸಿನಲ್ಲೇ ಹಂಚಿದೆ.

ಕೊನೆಗೆ ಜಗಳೂರಿನಿಂದ ನಮ್ಮ ನಾದಿನಿ ನಾಗರತ್ನ ಬಂದಳು, ನನ್ನನ್ನು ನೋಡಿಕೊಳ್ಳಲು. ದೋಸೆಗೆ ಚೆನ್ನಾಗಿರುತ್ತದೆ ಎಂದು ಒಂದು ಚೀಲ ರೇಷನ್ ಅಕ್ಕಿಯನ್ನೂ ತಂದಿದ್ದಳು. ಮಧ್ಯಾಹ್ನ ಮೊರ ಹಿಡಿದು ಕೂತವಳು ಅಕ್ಕಿಯಿಂದ ಏನೋ ಆರಿಸಿ ಆರಿಸಿ ಎಸೆಯುತ್ತಿದ್ದಳು.

'ನೋಡ್ರಿ ಅತ್ತಿಗೆ, ಪ್ಲಾಸ್ಟಿಕ್ ಅಕ್ಕಿ! ನಮ್ ಕಡೆ ಎಲ್ಲಾರೂ ಆರ್ಸಿ ಚೆಲ್ತಾರೆ.'

ಅದು ಪ್ಲಾಸ್ಟಿಕ್ ಅಲ್ಲ, ರಕ್ತ ಕಡಿಮೆ ಇರುವವರಿಗೆ ಒಳ್ಳೆಯದಾಗಲಿ ಎಂದು ಕಬ್ಬಿಣದಂಶ ಸೇರಿಸಿದ ಅಕ್ಕಿ, ನಮ್ಮ ಶಾಲೆಯ ಬಿಸಿಯೂಟಕ್ಕೂ ಬರುತ್ತದೆ ಎಂದು ವಿವರಿಸಿದೆ. ನಾಗರತ್ನಳಿಗೆ ಸಮಾಧಾನವಾಗುವ ಬದಲು ಸಿಟ್ಟು ನೆತ್ತಿಗೇರಿತು.

'ಒಳ್ಳೇದಾದ್ರೆ ಹೇಳಿ ಹಾಕಾಕೆ ಏನಾಗಿತ್ತು? ತಿನ್ನೋರು ನಾವಲ್ಲೇನ್ರಿ? ಸರ್ಕಾರದೋರು ನಮ್ಮನ್ನ ಏನಂತ ತಿಳ್ಕಂಡಾರೆ? ಹೇಳ್ದೆ ಕೇಳ್ದೆ ಬೆರೆಸಿದ್ರೆ ಹೆಂಗೆ ನಂಬಾದು?'

(ಎಲ್ಲೋ ಬೋರ್ಡ್ ಹಾಕಿ ಹೇಳಿದ್ದಾರೋ ಏನೋ. ನಾಗರತ್ನಳ ಕಿವಿಗಂತೂ ಬಿದ್ದಿರಲಿಲ್ಲ.)

ನಾನು ಅವಳ ಕೈಯಿಂದ ಮೊರ ತೆಗೆದು ಪಕ್ಕಕ್ಕಿಟ್ಟು, ನನ್ನ ಗಂಟಿನ ಮೇಲೆ ಬೆರಳಿಟ್ಟೆ.

'ನಾಗರತ್ನ, ಈ ಗಂಟಲು ಯಾರದ್ದು?'

ಪಾಪ, ಅವಳ ಮುಖ ನೋಡಬೇಕಿತ್ತು. ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ಅಳುತ್ತಳುತ್ತಲೇ ಎಲ್ಲ ಹೇಳಿದಳು. ಸೂಜಿ ಪರೀಕ್ಷೆಯಲ್ಲಿ ಗಂಟು ಒಳ್ಳೆಯದೋ ಕೆಟ್ಟದ್ದೋ ಸ್ಪಷ್ಟವಾಗಿರಲಿಲ್ಲವಂತೆ. ಇನ್ನೊಮ್ಮೆ ಸೂಜಿ ಹಾಕಿ ನೋಡಬಹುದು, ಇಲ್ಲವೇ ಆಪರೇಷನ್ ಮಾಡಿ ತೆಗೆದುಬಿಡಬಹುದು, ಯಾವುದಕ್ಕೂ ಮನೆಯಲ್ಲಿ ಮಾತಾಡಿ ತಿಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಮನೆಯಲ್ಲಿ ಮಾತಾಡಿದ್ದರು. ಹೊನ್ನಾಳಿ, ಚನ್ನಗಿರಿ, ಜಗಳೂರು, ಮೂರೂ ತಾಲ್ಲೂಕು ಸೇರಿ ಆಪರೇಷನ್ ಎಂದು ತೀರ್ಮಾನಿಸಿದ್ದರು. ನನಗೆ ಹಿಂದಿನ ದಿನ ಹೇಳಿದರೆ ಸಾಕು ಎಂದೂ ತೀರ್ಮಾನವಾಗಿತ್ತು.

'ಆಪರೇಷನ್ ಆದ್ರೆ ಒಬ್ಬೊಬ್ರಿಗೆ ದನಿ ಬದ್ಲಾಗ್ತೈತಂತೆ ಅತ್ತಿಗೆ. ಅದ್ನೊಂದು ಹೇಳ್ಬ್ಯಾಡ ಅಂದಿದ್ದ ಅಣ್ಣ.'

ದನಿ! ನಲವತ್ತು ಮಕ್ಕಳ ಗದ್ದಲದ ಮೇಲೆ ಪದ್ಯ ಓದಿ ಹೇಳುವವಳಿಗೆ ಬೇರೆ ಆಸ್ತಿ ಏನಿದೆ? ನನಗೆ ಕೆಂಡದಂಥ ಕೋಪ ಬಂತು. ಆದರೆ ಒಂದು ವಿಚಿತ್ರ ಹೇಳಲೇ? ಅದರ ಹಿಂದೆಯೇ ದೊಡ್ಡ ನಿರಾಳ. ನಾನು ಊಹಿಸಿಕೊಂಡಿದ್ದ ಕಾಯಿಲೆ ನಿಜವಾದದ್ದಕ್ಕಿಂತ ಎಷ್ಟೋ ಭಯಂಕರವಾಗಿತ್ತು.

ಸಂಜೆ ನಮ್ಮ ಮನೆಯವರನ್ನು ಕೂರಿಸಿಕೊಂಡೆ. 'ನೀನು ಗಾಬ್ರಿ ಆಗ್ತೀಯ ಅಂತ...' ಎಂದು ಶುರು ಮಾಡಿದರು. ಆ ಮನುಷ್ಯ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಗಾಬರಿಯನ್ನೆಲ್ಲ ಒಬ್ಬರೇ ಹೊತ್ತುಕೊಂಡಿದ್ದರು. ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತಿನಲ್ಲಿ ಅರ್ಧದಷ್ಟನ್ನು ನುಂಗಿದೆ. (ಉಳಿದರ್ಧ ಬೈದೆ.)

ಹೇಳಿ ಮಾಡಿಸುವವರ ಮೇಲೆ ನನಗೆ ತಕರಾರಿಲ್ಲ. ಹೆಲ್ಮೆಟ್ ಎಲ್ರೀ ಎಂದು ಸರ್ಕಲ್‌ನಲ್ಲಿ ಗದರುವ ಪೊಲೀಸಪ್ಪನನ್ನು ಎಷ್ಟೇ ಬೈದುಕೊಂಡರೂ, ಅವನು ನನ್ನ ತಲೆಯ ವಿಷಯ ನನ್ನ ಮುಖಕ್ಕೇ ಹೇಳುತ್ತಾನೆ. ನಿಮ್ಮ ಒಳ್ಳೆಯದಕ್ಕೇ ಎಂದು ಬೆನ್ನ ಹಿಂದೆ ಮಾಡುತ್ತಾರಲ್ಲ, ತೊಂದರೆ ಅಲ್ಲಿದೆ. ಆ ಒಳ್ಳೆಯದನ್ನು ನಾವು ಪ್ಲಾಸ್ಟಿಕ್ ಎಂದು ಎಸೆಯದೆ ಇನ್ನೇನು ಮಾಡುತ್ತೇವೆ?

ಮಾರನೇ ದಿನವೇ ದಾವಣಗೆರೆಗೆ ಹೋದೆವು. 'ಪೇಷಂಟ್ ಕಡೆಯವರು...' ಎಂದು ನರ್ಸ್ ಬಾಯಿ ತೆರೆಯುವಷ್ಟರಲ್ಲಿ, 'ಪೇಷಂಟೂ ನಾನೇ, ಕಡೆಯವಳೂ ನಾನೇ' ಎಂದು ಒಳಗೆ ನುಗ್ಗಿದೆ, ನಮ್ಮ ಮನೆಯವರು ಹಿಂದೆಯೇ ಬಂದರು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. 'ನಿಮ್ಮವರು ನಿಮಗೆ ಹೇಳಬೇಡಿ ಅಂದ್ರು ಮೇಡಂ. ನಾನು ಅವರ ಮಾತು ಕೇಳಬಾರದಿತ್ತು' ಎಂದು ಕುರ್ಚಿ ತೋರಿಸಿದರು. ಹಾಳೆಯ ಮೇಲೆ ಗಂಟಲಿನ ಚಿತ್ರ ಬರೆದು ಎರಡೂ ದಾರಿ ವಿವರಿಸಿದರು. ಆಮೇಲೆ ಪೆನ್ ಕೆಳಗಿಟ್ಟು ಕೇಳಿದರು.

'ಈಗ ಹೇಳಿ, ಏನು ಮಾಡೋಣ?'

ನನ್ನ ಬಾಯಿಗೆ ಏನು ಬಂತು ಗೊತ್ತೇ? 'ನೀವೇ ಹೇಳಿ ಡಾಕ್ಟ್ರೇ, ನಿಮಗೆ ಸರಿ ಅನಿಸಿದ್ದು ಮಾಡಿ.' ತುಟಿಯವರೆಗೂ ಬಂದಿತ್ತು! ಅಷ್ಟೆಲ್ಲ ಹಾರಾಡಿ ಬಂದವಳಿಗೆ ಕುರ್ಚಿ ಸಿಕ್ಕ ಕೂಡಲೇ ಎದ್ದು ಮನೆಗೆ ಓಡಬೇಕೆನಿಸಿತು. ನಮಗಾಗಿ ಬೇರೆಯವರು ತೀರ್ಮಾನ ಮಾಡುವುದರಲ್ಲಿ ಎಂಥ ಸುಖವಿದೆ ಎಂದು ಆಗ ಅರ್ಥವಾಯಿತು. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಏನೋ ಹೇಳಲು ಹೊರಟು, ಕಷ್ಟಪಟ್ಟು ಸುಮ್ಮನಾದರು. ಅವತ್ತು ಅವರು ನನಗೆ ಮಾಡಿದ ಉಪಕಾರಗಳಲ್ಲೆಲ್ಲ ಅದೇ ದೊಡ್ಡದು.

'ಇನ್ನೊಂದು ಸಲ ಸೂಜಿ ಹಾಕಿ' ಎಂದೆ.

ಹಾಕಿದರು. ರಿಪೋರ್ಟ್ ಬಂತು. ಡಾಕ್ಟರು ನನ್ನನ್ನೇ ನೋಡಿ ಹೇಳಿದರು: 'ಸಾಧಾರಣ ಗಂಟು ಮೇಡಂ, ಕ್ಯಾನ್ಸರ್ ಅಲ್ಲ. ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸಿಕೊಂಡು ಪಾಠ ಮಾಡ್ಕೊಂಡಿರಿ.' ಹೋದ ಜೀವ ಬಂದಂತಾಯಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಇಬ್ಬರೂ ಕಣ್ಣೊರೆಸಿಕೊಂಡೆವು. ಹತ್ತನೇ ತರಗತಿಯನ್ನು ಮರುದಿನವೇ ವಾಪಸ್ ಕಿತ್ತುಕೊಂಡೆ. ಮಕ್ಕಳಿಗೆ ಬೇಜಾರಾಯಿತಂತೆ.

ಮೊನ್ನೆ ನಾಗರತ್ನಳನ್ನು ಜಗಳೂರಿಗೆ ಕಳಿಸಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಿಟಕಿಯ ಪಕ್ಕ ಕೂತವಳು ನನ್ನ ಕೈ ಹಿಡಿದುಕೊಂಡು ಗಂಭೀರವಾಗಿ ಹೇಳಿದಳು.

'ಅತ್ತಿಗೆ, ನಾಳೆ ನಂಗೇನಾದ್ರೂ ಆದ್ರೆ ಮೊದ್ಲು ನಂಗೇ ಹೇಳ್ಬೇಕು ನೋಡ್ರಿ. ಏನೂ ಮುಚ್ಚಿಡಾಕೆ ಹೋಗ್ಬ್ಯಾಡ್ರಿ.' ಬಸ್ಸು ಹೊರಟಿತು. ತಲೆ ಹೊರಗೆ ಹಾಕಿ ಕೂಗಿದಳು. 'ಆದ್ರೆ ನಮ್ಮನೆಯವ್ರಿಗೆ ಮಾತ್ರ ಹೇಳ್ಬ್ಯಾಡ್ರಿ, ಅವ್ರು ತಡ್ಕಳಲ್ಲ!'

ನಾನು ಏನೆಂದೆ ಎಂದು ಕೇಳುತ್ತೀರಾ? ಬೇಡ ಬಿಡಿ, ನೀವು ತಡೆದುಕೊಳ್ಳುವುದಿಲ್ಲ.