ಹಾವಿಗೆ ಹೊತ್ತ ದಿನ

ನಮ್ಮ ಮನೆಯಲ್ಲಿ ಶರಣರೊಬ್ಬರ ಮರದ ಹಾವಿಗೆಗಳಿವೆ, ಅಂದರೆ ಪಾದುಕೆಗಳು. ಅವನ್ನು ಕಾಯುವ ಹಿರಿಯನಿಗೆ ತಲೆಮಾರುಗಳಿಂದ ‘ಹಾವಿಗೆಪ್ಪ’ ಎಂಬ ಬಿರುದು. ವರ್ಷಕ್ಕೊಮ್ಮೆ ಅವನ್ನು ತಲೆಯ ಮೇಲೆ ಹೊತ್ತು ಯಡ್ರಾಮಿ ಕಡೆಯ ಮಠ ಸುತ್ತಬೇಕು. ತಪ್ಪಿದರೆ ಬಿರುದು ದಾಯಾದಿಗಳ ಪಾಲು.

ಈ ವರ್ಷ ಹಾವಿಗೆಪ್ಪನಾದ ನನ್ನ ಮಾವನ ಕಾಲು ಮುರಿದಿತ್ತು. ನನ್ನ ಗಂಡ ತೀರಿಕೊಂಡಿದ್ದಾನೆ, ಮಗಳಿಗೆ ಮೂರು ವರ್ಷ. ತೊಡೆಯ ಮೇಲೆ ಹಾವಿಗೆಗಳ ಪೆಟ್ಟಿಗೆ, ಪಕ್ಕದಲ್ಲಿ ಮಗಳು, ಕರಜಗಿಯಿಂದ ಬಸ್ಸು ಹತ್ತಿ ಹೋದೆ.

ಮಠದ ಬಾಗಿಲಲ್ಲೇ ದಾಯಾದಿ ಮೈದುನ ಕೈ ಚಾಚಿದ. “ಕೊಡ್ರಿ ವೈನಿ. ಹೆಂಗಸ್ರು ಹೊರಬಾರ್ದು. ಇನ್ನ ಬಿರುದು ನಮ್ಮ ಮನಿಗೆ.”

“ವಾರಾ ವಾರಾ ಒರೆಸಿ ಎಣ್ಣಿ ಹಚ್ಚಾಕ ಹೆಂಗಸು ಬೇಕು, ಹೊರಾಕ ಬ್ಯಾಡೇನು? ಇದರಾಗ ಸೀಳು ಬಿಟ್ಟಿದ್ದು ಎಡಗಾಲಿಂದೋ ಬಲಗಾಲಿಂದೋ, ಹೇಳಪಾ.”

ಆತ ಸ್ವಲ್ಪ ಯೋಚಿಸಿ, “ಎಡಗಾಲಿಂದು” ಎಂದ.

ಎಲ್ಲರೆದುರು ಪೆಟ್ಟಿಗೆ ತೆರೆದೆ. “ಎರಡೂ ಗಟ್ಟಿ ಅದಾವ, ನೋಡ್ಕೋ.”

ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ನಕ್ಕುಬಿಟ್ಟರು. “ಹೊರವ್ವ ತಂಗಿ. ನಿನ್ನ ನಂತರ ನಿನ್ನ ಮಗಳು ಹೊರ್ಲಿ.”

ಹಾವಿಗೆ ಹೊತ್ತವರ ಮೇಲೆ ದಾಯಾದಿಯೇ ಕೊಡೆ ಹಿಡಿದು ನಡೆಯುವುದು ಪದ್ಧತಿ. ಮೈದುನ ಹಲ್ಲು ಕಚ್ಚಿ ಕೊಡೆ ಹಿಡಿದ. ಬಿಸಿಲು ಸುಡುತ್ತಿತ್ತು. ನಾನು ಒಂದು ಸುತ್ತು ಹೆಚ್ಚಿಗೇ ಹಾಕಿದೆ.