ಉಸಿರು ಹಿಡಿಯುವ ರಮ್ಲತ್

ದರ್ಬೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಸ್ಕ್ಯಾನಿಂಗ್ ಸೆಂಟರಿನೊಳಗೆ ಮಾತ್ರ ದೀಪ ಹತ್ತಿದೆ. ತಂತ್ರಜ್ಞೆ ರಮ್ಲತ್ ಸಿ.ಟಿ. ಯಂತ್ರದ ಮಂಚಕ್ಕೆ ಒಗೆದ ಬಟ್ಟೆ ಹಾಸುತ್ತಿದ್ದಾರೆ. ಮೊದಲ ಬಸ್ಸಿಗೆ ನೆಲ್ಯಾಡಿಯಿಂದ ಬಂದ ಏಲಿಯಮ್ಮ ಅದರ ಮೇಲೆ ಮಲಗಬೇಕು. ಶ್ವಾಸಕೋಶದಲ್ಲಿ ಏನೋ ಗಂಟು. ಕೊಯ್ಯಬೇಕೋ, ಮಾತ್ರೆ ಸಾಕೋ ಎಂಬುದನ್ನು ಡಾಕ್ಟರು ಇವತ್ತಿನ ಚಿತ್ರ ನೋಡಿಯೇ ಹೇಳುವುದು. ಹೊರಗಿನ ಬೆಂಚಿನಲ್ಲಿ ಮಗ ಜಿಜೋ ಉಗುರು ಕಚ್ಚುತ್ತಾ ಕೂತಿದ್ದಾನೆ.

ಯಂತ್ರದೊಳಗಿಂದ ಒಂದು ಹೆಣ್ಣು ದನಿ, ಉಸಿರು ಹಿಡಿಯಿರಿ ಎಂದು ಹಿಂದಿಯಲ್ಲಿ ಹೇಳುತ್ತದೆ. ಹಿಂದಿ ಬಾರದ ಏಲಿಯಮ್ಮ ಮಲಗಿದಲ್ಲಿಂದಲೇ ತಲೆಯೆತ್ತಿ, "ಎಂತ? ಯಾರದು?" ಎಂದು ವಿಚಾರಿಸುತ್ತಾರೆ. ಚಿತ್ರ ಕೆಡುತ್ತದೆ.

"ಚಿತ್ರದಲ್ಲಿ ಎಲುಬು ಬಿಳಿ, ಗಾಳಿ ಕಪ್ಪು. ಅಲುಗಿದ್ರೆ ಎಲ್ಲ ಹೊಗೆ," ಎನ್ನುತ್ತಾರೆ ರಮ್ಲತ್. "ಇನ್ನೊಮ್ಮೆ ತೆಗೀಬೇಕು. ಅದೂ ಕೆಟ್ರೆ ಇವತ್ತು ನಾನು ತೆಗೆಯುದಿಲ್ಲ. ಸುಮ್ಮನೆ ಸುಮ್ಮನೆ ಆ ಕಿರಣ ಹಾಯಿಸುದು ಪಾಪ ಅಲ್ವಾ?"

ರಮ್ಲತ್ ಎಕ್ಸ್‌ರೇ ಕಲಿಯಲು ಹೊರಟಾಗ, "ಕತ್ತಲೆ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಎಂತ ಕೆಲಸ?" ಎಂದು ಅಕ್ಕಪಕ್ಕದವರು ಅಣಕಿಸಿದ್ದುಂಟು. ಆ ಕತ್ತಲೆ ಕೋಣೆಯೇ ಅವರಿಗೆ ಈಗಲೂ ಕನಸಿನಲ್ಲಿ ಬರುವುದು. ಕೆಂಪು ಬಲ್ಬು, ಫಿಲ್ಮು ತೊಳೆಯುವ ಮದ್ದುನೀರಿನ ಮೂಗಿಗೆ ಏರುವ ಹುಳಿ ವಾಸನೆ, ಆ ನೀರೊಳಗೆ ಮೆಲ್ಲನೆ ಮೂಡುವ ಪಕ್ಕೆಲುಬು. ತೊಳೆದ ಫಿಲ್ಮುಗಳನ್ನು ತಂತಿಗೆ ಸಿಕ್ಕಿಸಿ ಒಣಗಿಸಬೇಕಿತ್ತು. ಬಸ್ಸು ತಪ್ಪುತ್ತದೆಂದು ಕಾಣಿಯೂರಿನ ತೀರ್ಥರಾಮರು ಒಮ್ಮೆ ಹಸಿ ಫಿಲ್ಮನ್ನೇ ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಮರುದಿನ ಹಿಂದೆ ಬಂದವರು, "ರಮ್ಲತ್ತಕ್ಕ, ನನ್ನ ಎದೆಯೊಳಗೆ ಸೀರೆ ಅಂಗಡಿಯ ಜಾಹೀರಾತು ಉಂಟು ಮಾರಾಯ್ರೆ!"

ಇದನ್ನು ಹೇಳುತ್ತಾ ರಮ್ಲತ್ ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಆ ಕೋಣೆಯ ಗೋಡೆ ಒಡೆದೇ ಈ ಹೊಸ ಯಂತ್ರವನ್ನು ಕೂರಿಸಿದ್ದು. ಉಸಿರು ಹಿಡಿಯಲು ಹೇಳುವ ಕೆಲಸವೂ ಈಗ ಅದರದ್ದೇ. ಬೇಕಿದ್ದರೆ ನಿಮ್ಮ ದನಿಯನ್ನೇ ತುಳು, ಬ್ಯಾರಿ, ಮಲಯಾಳದಲ್ಲಿ ರೆಕಾರ್ಡ್ ಮಾಡಿ ಹಾಕುವ ಎನ್ನುತ್ತಾರೆ ಮ್ಯಾನೇಜರ್ ಕೌಶಲ್. ರಮ್ಲತ್ ಇನ್ನೂ ಒಪ್ಪಿಲ್ಲ.

"ಯಂತ್ರಕ್ಕೆ ಎಲ್ಲರ ಉಸಿರೂ ಒಂದೇ ಅಳತೆ. ನಾನಾದ್ರೆ ಅವರೊಟ್ಟಿಗೆ ನನ್ನದನ್ನೂ ಹಿಡಿಯುದು. ಹಾಗಾಗಿ ಬಿಡಿ ಅಂತ ಹೇಳ್ಲಿಕ್ಕೆ ಒಂದು ದಿನವೂ ಮರೆತದ್ದಿಲ್ಲ."

ಯಂತ್ರದ ದನಿಯನ್ನು ಬಂದ್ ಮಾಡಿ ಮೈಕಿನ ಗುಂಡಿ ಒತ್ತುತ್ತಾರೆ. ಗಾಜಿನಾಚೆ ಮಲಗಿರುವ ಏಲಿಯಮ್ಮನಿಗೆ ಅವರ ಮನೆಮಾತಾದ ಮಲಯಾಳದಲ್ಲಿ ತನ್ನ ಹೆಸರು ಹೇಳಿ, ಹೆದರಬೇಡಿ ಎನ್ನುತ್ತಾರೆ. ಆಮೇಲೆ, "ಅಮ್ಮಚ್ಚೀ, ಶ್ವಾಸಂ ಪಿಡಿಚ್ಚೋ."

ಮಂಚ ಒಳಗೆ ಸರಿಯುತ್ತದೆ. ಮೈಕಿನ ಮುಂದೆ ರಮ್ಲತ್ ಬಾಯಿ ಬಿಗಿದು ಕೂತಿದ್ದಾರೆ, ಕತ್ತಿನ ನರ ಉಬ್ಬಿದೆ. ಮಂಚ ನಿಂತದ್ದೇ ತಡ, ಉಸಿರು ಬಿಡಲು ಹೇಳುತ್ತಾರೆ: "ವಿಟ್ಟೋ!"

ಪರದೆಯ ಮೇಲೆ ಗಂಟಿನ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಅದು ಎಂಥ ಗಂಟೆಂದು ಡಾಕ್ಟರೇ ಹೇಳಬೇಕು. ಮೂರನೇ ಸಲ ಮಲಗಿಸುವುದಂತೂ ಬೇಡ.

ಏಲಿಯಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬರುತ್ತಾರೆ. "ಎಷ್ಟು ಹೊತ್ತು ಹಿಡಿಸಿದೆ ಮಾರಾಯ್ತಿ! ನನ್ನ ಜೀವ ಹೋಯ್ತು ಅಂತಲೇ ಎಣಿಸಿದೆ."

"ಹೋಗುದಾದ್ರೆ ಇಬ್ಬರದ್ದೂ ಒಟ್ಟಿಗೇ ಹೋಗ್ತಿತ್ತು ಅಮ್ಮಚ್ಚಿ," ಎನ್ನುತ್ತಾರೆ ರಮ್ಲತ್. "ನಾನೂ ಹಿಡ್ಕೊಂಡೇ ಇದ್ದೆ."