ಕೈಗೆ ಕೊಡ್ರಿ ಫೋನು

ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಮಾನ್ವಿ ಕಡೆಯ ನಮ್ಮೂರಿಗೆಲ್ಲ ಒಂದೇ ಫೋನು. ಅದು ಅಕ್ಕಿ ಗಿರಣಿ ಸಾಹುಕಾರರ ಮನೆಯಲ್ಲಿತ್ತು. ಅವ್ವ ಅವರ ಗದ್ದೆಗೆ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಕರೆ ಬಂದರೆ ಊರಿನ ಉಳಿದವರು ಪಡಸಾಲೆಗೆ ಹೋಗಿ ಮಾತಾಡುತ್ತಿದ್ದರು. ನಮ್ಮ ಕೇರಿಯವರು ಮಾತ್ರ ಅಂಗಳದಲ್ಲೇ ನಿಲ್ಲಬೇಕು. ನಾನು ಹೇಳಿದ್ದನ್ನು ಸಾಹುಕಾರರ ಹೆಂಡತಿ ಒಳಗಿನಿಂದ ಕೂಗಿ ಅವ್ವನಿಗೆ ಹೇಳುವುದು, ಅವ್ವ ಅಂದದ್ದನ್ನು ನನಗೆ ಮುಟ್ಟಿಸುವುದು. ನನಗೆ ಜ್ವರ ಬಂದರೆ ಅದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಪರೀಕ್ಷೆ ಪಾಸಾದ ದಿನ ಫೋನ್ ಮಾಡಿದೆ. “ನಿನ್ನ ಮಗಳು ಪಾಸಾಗ್ಯಾಳಂತ ನೋಡು!” ಎಂದು ಆಕೆ ಕೂಗಿದ್ದು ನನಗೂ ಕೇಳಿತು. ಹಿಂದೆಯೇ ಅಂಗಳದಿಂದ ಅವ್ವನ ದನಿ.

“ಅಮ್ಮಾರೇ, ಫೋನು ನನ್ನ ಕೈಗೆ ಕೊಡ್ರಿ. ಮಗಳ ದನಿ ಕೇಳ್ಬೇಕು ನಾನು.”

“ಅಲ್ಲೇ ನಿಂತು ಹೇಳ್ಬೇ. ನಾ ಹೇಳ್ತೀನಲ್ಲ.”

“ನೀವು ಹೇಳೋದು ಬ್ಯಾಡ್ರಿ. ಇಟ್ಟುಬಿಡ್ರಿ ಹಂಗಾರ.”

ಲೈನ್ ಕಡಿಯಿತು. ನಾನು ಬೂತಿನವನಿಗೆ ದುಡ್ಡು ಕೊಟ್ಟು ಹಾಸ್ಟೆಲಿಗೆ ನಡೆದೆ.

ಸಂತೆಯ ದಿನ ಅವ್ವನೇ ಮಾನ್ವಿ ಬಸ್‌ಸ್ಟ್ಯಾಂಡಿನ ಬೂತಿನಿಂದ ಹಾಸ್ಟೆಲಿಗೆ ಫೋನ್ ಮಾಡಿಸಿದಳು. “ಇನ್ನ ಆ ಮನಿಗೆ ಮಾಡಬ್ಯಾಡ. ಸಂತಿಗೆ ಬಂದಾಗ ನಾನ ಮಾಡ್ತೀನಿ,” ಎಂದಳು. ಆಮೇಲೆ ಅವಳು ಅವರ ಗದ್ದೆಗೆ ಕಾಲಿಡಲಿಲ್ಲ. ಹತ್ತಿ ಬಿಡಿಸಲು ದೇವದುರ್ಗದ ಕಡೆ ಹೋದಳು. ಕೇರಿಯ ಹೆಂಗಸರೂ ಅವಳ ಹಿಂದೆಯೇ ಹೊರಟರು. ನಾಟಿಯ ಹೊತ್ತಿಗೆ ಆಳು ಸಿಗದೆ ಸಾಹುಕಾರರು ಪಕ್ಕದ ಊರಿಗೆ ಟ್ರ್ಯಾಕ್ಟರ್ ಕಳಿಸಬೇಕಾಯಿತು.

ಈಗ ನಾನು ರಾಯಚೂರಿನಲ್ಲಿ ಶಿಕ್ಷಕಿ. ಅವ್ವನಿಗೊಂದು ಮೊಬೈಲ್ ಕೊಡಿಸಿದ್ದೇನೆ. ಹೋದ ಬೇಸಿಗೆಯಲ್ಲಿ ಒಂದು ದಿನ ಎಷ್ಟು ಸಲ ಮಾಡಿದರೂ ಅವಳು ಎತ್ತಲಿಲ್ಲ. ಏನೇನೋ ನೆನೆದು ಬಸ್ ಹತ್ತಿ ಊರಿಗೆ ಓಡಿದೆ. ಅವ್ವ ಕಟ್ಟೆಯ ಮೇಲೆ ಗೆಳತಿಯರ ಜೊತೆ ಕೂತು ಶೇಂಗಾ ಒಡೆಯುತ್ತಿದ್ದಳು.

“ಯವ್ವಾ, ಫೋನ್ ಯಾಕ ಎತ್ತಲಿಲ್ಲ? ನನ್ನ ಜೀವ ಹೋದಂಗಾಗಿತ್ತು.”

“ಮಾತಾಡಾಕತ್ತಿದ್ವಿ.”

“ಒಂದು ಹಲೋ ಅನ್ನಾಕ ಏನಾಗಿತ್ತು?”

“ಕರದ ಕೂಡ್ಲೇ ಓಡೋದು ನಾ ಯಾವತ್ತೋ ಬಿಟ್ಟೀನಿ. ಮಗಳು ಕರೀಲಿ, ಮಂತ್ರಿ ಕರೀಲಿ, ಕೈ ಬಿಡುವಾದಾಗ ಎತ್ತೀನಿ. ಕೂಡು, ಶೇಂಗಾ ತಿನ್ನು.”

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಕೂತೆ, ತಿಂದೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆ. ಫೋನ್ ಬಡಕೊಳ್ಳತೊಡಗಿತು. ಗಂಡ ಇಣುಕಿ ನೋಡಿ ಗಾಬರಿಯಾದರು. “ನಿಮ್ಮ ಹೆಡ್‌ಮಾಸ್ತರರು. ಎತ್ತು ಲಗೂನ!”

“ಉಣ್ಣಾಕತ್ತೀನಿ,” ಎಂದೆ. ಇನ್ನೊಂದು ರೊಟ್ಟಿ ಹಾಕಿಕೊಂಡೆ.